ಮಗುವಿನ ಮಾತು, ಹಿರಿಯರ ಹೊರೆ

ದಂಪತಿಗಳು ಬೇರ್ಪಡುವಾಗ ಮನೆಯಲ್ಲಿರುವ ಎಲ್ಲಕ್ಕೂ ಒಂದು ಲೆಕ್ಕ ಸಿಗುತ್ತದೆ. ಒಡವೆಗೆ ತೂಕವಿದೆ, ಮನೆಗೆ ಪತ್ರವಿದೆ, ಅಂಗಡಿಯ ಪಾಲಿಗೆ ಖಾತೆ ಪುಸ್ತಕವಿದೆ. ಯಾವ ಲೆಕ್ಕಕ್ಕೂ ಸಿಗದೆ ಉಳಿಯುವುದು ಮಗು ಮಾತ್ರ. ಆಗ ಹಿರಿಯರಲ್ಲಿ ಯಾರಾದರೊಬ್ಬರು, ಬಹಳ ನ್ಯಾಯವಾದ ಮಾತನ್ನು ಆಡುತ್ತಿದ್ದೇವೆಂಬ ಭಾವದಿಂದ, "ಮಗುವನ್ನೇ ಕೇಳಿಬಿಡೋಣ" ಎನ್ನುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನ್ಯಾಯ, ಎಷ್ಟರಮಟ್ಟಿಗೆ ಅನ್ಯಾಯ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ನಾನು ನ್ಯಾಯವಾದಿಯಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ. ವಾಣಿಜ್ಯ ಪದವಿ ಮುಗಿಸಿ ತಂದೆಯವರ ಅಂಗಡಿಯ ಗಾದಿಯ ಮೇಲೆ ಕುಳಿತವನು. ಬಿಡುವಿನ ವೇಳೆಯಲ್ಲಿ ಶ್ರಾವಕಾಚಾರ ಗ್ರಂಥಗಳನ್ನು ಓದಿಕೊಂಡವನು. ಆದರೆ ಮೇಲೆ ಹೇಳಿದ ಮಾತನ್ನು ಒಮ್ಮೆ ಆಡಿದವನು ನಾನೇ ಆದುದರಿಂದ, ಇದನ್ನು ಬರೆಯುವ ಅರ್ಹತೆ ಇರಲಿ ಇಲ್ಲದಿರಲಿ, ಬರೆಯಬೇಕಾದ ಋಣವಂತೂ ನನ್ನ ಮೇಲಿದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಮಗೆ ಬಳಕೆಯಿದ್ದ ಒಂದು ಮನೆತನದಲ್ಲಿ ಗಂಡ ಹೆಂಡಿರ ನಡುವೆ ವಿರಸ ಬೆಳೆದು, ಇನ್ನು ಕೂಡಿ ಬಾಳುವುದು ಸಾಧ್ಯವಿಲ್ಲವೆಂಬ ಹಂತಕ್ಕೆ ಬಂದಿತ್ತು. ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು ಎರಡೂ ಕಡೆಯವರು ಕೆಲವು ಹಿರಿಯರನ್ನು ಕೂಡಿಸಿದರು. ತೀರಿಕೊಂಡಿದ್ದ ನಮ್ಮ ತಂದೆಯವರ ಸ್ಥಾನದಲ್ಲಿ ನನ್ನನ್ನೂ ಕರೆದಿದ್ದರು. ನಡುಮನೆಯಲ್ಲಿ ಜಮಖಾನ ಹಾಸಿತ್ತು. ಒಂದು ಗೋಡೆಗೆ ಒರಗಿ ಹುಡುಗಿಯ ತಂದೆ, ಎದುರು ಗೋಡೆಗೆ ಒರಗಿ ತಾಯಿ. ಒಡವೆಯ ಮಾತು, ಹಣದ ಮಾತು ಒಂದು ದಡ ಮುಟ್ಟಿದ ಮೇಲೆ ಮಗಳ ಮಾತು ಬಂತು. ಇಬ್ಬರೂ ಬಿಡಲೊಲ್ಲರು. ಒಂಬತ್ತು ವರ್ಷದ ಆ ಹುಡುಗಿಯನ್ನು ಒಳಗಿನಿಂದ ಕರೆಸಿದೆವು. ನಾನೇ ಕೇಳಿದೆ: "ಹೆದರಬೇಡಮ್ಮ. ಯಾರ ಜೊತೆ ಇರಲು ನಿನಗೆ ಇಷ್ಟ, ಹೇಳಿಬಿಡು." ಅವಳು ಬಹಳ ಹೊತ್ತು ಜಮಖಾನದ ಅಂಚಿನ ದಾರವನ್ನು ಎಳೆಯುತ್ತ ನಿಂತಿದ್ದು, ಕಡೆಗೆ "ಅಪ್ಪ" ಎಂದಳು. ತಾಯಿ ಎದ್ದು ಅಡುಗೆಮನೆಗೆ ಹೋದರು. ನಮಗೆಲ್ಲ ಒಂದು ದೊಡ್ಡ ಕೆಲಸ ಮುಗಿದಂತೆ ಹಗುರವಾಯಿತು. ಮಗುವಿನ ಇಚ್ಛೆಯಂತೆಯೇ ಆಯಿತೆಂದು ಒಬ್ಬರಿಗೊಬ್ಬರು ಹೇಳಿಕೊಂಡು ಮನೆಗೆ ಹೋದೆವು.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಆಕೆ ಸಿಕ್ಕಳು. ಈಗ ಉದ್ಯೋಗದಲ್ಲಿದ್ದಾಳೆ. ಕುಶಲ ವಿಚಾರಿಸಿದ ಮೇಲೆ, ಹಳೆಯ ಮಾತು ಹೇಗೋ ಎದ್ದಿತು. ಆಕೆ ಕೋಪವಿಲ್ಲದೆಯೇ ಹೇಳಿದಳು: "ಅವತ್ತು ಅಮ್ಮನ ಪಕ್ಕದಲ್ಲಿ ಮೂವರು ಮಾವಂದಿರು ಕೂತಿದ್ದರು. ಅಪ್ಪನ ಪಕ್ಕದಲ್ಲಿ ಯಾರೂ ಇರಲಿಲ್ಲ. ಅದಕ್ಕೆ ಅಪ್ಪ ಅಂದೆ." ಸ್ವಲ್ಪ ತಡೆದು, "ಅಮ್ಮ ಯಾವತ್ತೂ ಏನೂ ಅನ್ನಲಿಲ್ಲ. ಆದರೆ ರಜೆಯಲ್ಲಿ ಅಮ್ಮನ ಮನೆಗೆ ಹೋದಾಗಲೆಲ್ಲ ನಾನು ತಪ್ಪು ಮಾಡಿದವಳ ಹಾಗೆ ಕೆಲಸ ಮಾಡುತ್ತಿದ್ದೆ" ಎಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. "ಹಾಗಾದರೆ ನಿನ್ನನ್ನು ಕೇಳಬಾರದಿತ್ತೇ?" ಎಂದೆ. "ಕೇಳಿದ್ದು ತಪ್ಪಲ್ಲ. ಆದರೆ ಅವರಿಬ್ಬರೂ ಅಲ್ಲೇ ಇದ್ದರಲ್ಲ?" ಎಂದಳು. ಅಷ್ಟರಲ್ಲಿ ಊಟಕ್ಕೆ ಕರೆದರು.

ಆಕೆಯ ಆ ಎರಡು ವಾಕ್ಯಗಳಲ್ಲಿ ಈ ಸಮಸ್ಯೆಯ ಎರಡು ಮುಖಗಳೂ ಇವೆ. ಕೇಳಬೇಕು, ಆದರೆ ನಾವು ಕೇಳಿದ ಹಾಗೆ ಕೇಳಬಾರದು. ಈ ವ್ಯತ್ಯಾಸ ಕೇವಲ ಔಪಚಾರಿಕವೇ, ಅಥವಾ ಧರ್ಮಾಧರ್ಮಗಳ ವ್ಯತ್ಯಾಸವೇ ಎಂಬುದನ್ನು ನೋಡೋಣ.

ಮೊದಲು ಕಾನೂನು ಏನು ಹೇಳುತ್ತದೆಂದು ತಿಳಿಯುವುದು ಒಳ್ಳೆಯದು. 2014ರಲ್ಲಿ ಜೈನ ಸಮಾಜಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತ ಮೇಲೆ, ವಿವಾಹಾದಿ ವಿಷಯಗಳಲ್ಲಿ ನಮಗೆ ಬೇರೆ ಕಾನೂನು ಬಂದಿದೆಯೆಂದು ಕೆಲವರು ಭಾವಿಸಿದ್ದಾರೆ. ಅದು ಸರಿಯಲ್ಲ. 1955ರ ಹಿಂದೂ ವಿವಾಹ ಕಾಯಿದೆಯೂ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯೂ ಜೈನರಿಗೆ ಅನ್ವಯಿಸುತ್ತವೆಂದು ಆ ಕಾಯಿದೆಗಳಲ್ಲಿಯೇ ಸ್ಪಷ್ಟವಾಗಿ ಬರೆದಿದೆ. 2025ರಲ್ಲಿ ಇಂದೋರಿನ ಕುಟುಂಬ ನ್ಯಾಯಾಲಯವೊಂದು ವಿವಾಹ ಕಾಯಿದೆ ಜೈನರಿಗೆ ಅನ್ವಯಿಸದೆಂದು ಹೇಳಿದಾಗ, ಮಧ್ಯಪ್ರದೇಶದ ಉಚ್ಚ ನ್ಯಾಯಾಲಯ ಅದೇ ವರ್ಷ ಆ ಅಭಿಪ್ರಾಯವನ್ನು ತಳ್ಳಿಹಾಕಿತು.

ಈ ಕಾಯಿದೆಗಳ ಪ್ರಕಾರ ಮಗು ಯಾರ ಸುಪರ್ದಿನಲ್ಲಿರಬೇಕೆಂಬುದನ್ನು ನಿರ್ಣಯಿಸುವಾಗ ಮಗುವಿನ ಕ್ಷೇಮವೇ ಪರಮ ಪರಿಗಣನೆ. 1956ರ ಕಾಯಿದೆಯ 13ನೆಯ ಪ್ರಕರಣದಲ್ಲಿ ಈ ಮಾತಿದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು 6ನೆಯ ಪ್ರಕರಣ ಹೇಳುತ್ತದೆ. ಇನ್ನು ಮಗುವಿನ ಇಚ್ಛೆಯ ವಿಚಾರ. ಬ್ರಿಟಿಷರ ಕಾಲದ 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅದರ 17ನೆಯ ಪ್ರಕರಣದಂತೆ, ವಿವೇಕದಿಂದ ಒಂದು ಒಲವನ್ನು ತಳೆಯುವಷ್ಟು ಮಗು ದೊಡ್ಡದಾಗಿದ್ದರೆ ನ್ಯಾಯಾಲಯ ಆ ಒಲವನ್ನು ಪರಿಗಣಿಸಬಹುದು. ಹಿಂದೂ ವಿವಾಹ ಕಾಯಿದೆಯ 26ನೆಯ ಪ್ರಕರಣವೂ ಮಕ್ಕಳ ಸುಪರ್ದು, ಪೋಷಣೆ, ವಿದ್ಯಾಭ್ಯಾಸಗಳ ಬಗೆಗಿನ ಆದೇಶ ಸಾಧ್ಯವಿರುವಲ್ಲೆಲ್ಲ ಅವರ ಇಚ್ಛೆಗೆ ಅನುಗುಣವಾಗಿರಲಿ ಎನ್ನುತ್ತದೆ. ವಾಚಕರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಗುವಿನ ಮಾತನ್ನು ಪರಿಗಣಿಸಬೇಕೆಂದು ಕಾನೂನು ಹೇಳಿತೇ ಹೊರತು, ಮಗುವೇ ತೀರ್ಪು ಕೊಡಲಿ ಎನ್ನಲಿಲ್ಲ. ಎಷ್ಟು ವರ್ಷಕ್ಕೆ ವಿವೇಕ ಬರುತ್ತದೆಂದು ಗೆರೆ ಎಳೆಯಲೂ ಇಲ್ಲ. ಅದನ್ನು ಪ್ರತಿಯೊಂದು ಮಗುವನ್ನು ನೋಡಿ ತಿಳಿಯಬೇಕೆಂದು ಬಿಟ್ಟಿತು.

ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ, ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿಯೂ ಇದೇ ದೃಷ್ಟಿಯಿದೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ. ಅದರ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಆ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎಂದು ಅದರ 12ನೆಯ ವಿಧಿ ಹೇಳುತ್ತದೆ. ಈ ವಿಧಿಯನ್ನು ವಿವರಿಸುತ್ತ 2009ರಲ್ಲಿ ಒಡಂಬಡಿಕೆಯ ಸಮಿತಿ ಇನ್ನೊಂದು ಮಾತನ್ನು ಸೇರಿಸಿತು: ಅಭಿಪ್ರಾಯ ಹೇಳುವುದು ಮಗುವಿಗಿರುವ ಅವಕಾಶ, ಅದು ಕರ್ತವ್ಯವಲ್ಲ. ಎಂದರೆ, ಸುಮ್ಮನಿರುವ ಹಕ್ಕೂ ಮಗುವಿಗೆ ಉಂಟು. ಅಂದು ಜಮಖಾನದ ಅಂಚಿನಲ್ಲಿ ನಿಂತ ಹುಡುಗಿಗೆ ಈ ಹಕ್ಕನ್ನು ನಾವು ಕೊಡಲಿಲ್ಲ. ಅವಳು ಬಾಯಿ ಬಿಡುವವರೆಗೂ ಎಲ್ಲರೂ ಅವಳ ಮುಖವನ್ನೇ ನೋಡುತ್ತ ಕುಳಿತಿದ್ದೆವು.

ನಮ್ಮ ಸಮಾಜದಲ್ಲಿ ಈ ವಿಷಯದ ಬಗ್ಗೆ ಎರಡು ಅತಿಗಳಿವೆ. ಮೊದಲನೆಯದು, ಮಗುವಿಗೆ ಏನು ತಿಳಿಯುತ್ತದೆ ಎಂಬ ತಾತ್ಸಾರ. ಮಗುವಿಗೆ ಇಂದು ಮಿಠಾಯಿ ಕೊಟ್ಟವರು ಇಷ್ಟ, ನಾಳೆ ಬೈದವರು ಬೇಡ. ಅದರ ಮಾತನ್ನು ನಂಬಿ ಜೀವನವನ್ನು ನಿರ್ಣಯಿಸಲಾದೀತೇ ಎಂದು ಇವರು ಕೇಳುತ್ತಾರೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಅದರಲ್ಲಿಯೂ ನಮ್ಮಂಥ ವ್ಯಾಪಾರಸ್ಥ ಮನೆಗಳಲ್ಲಿ ಹಣವಿರುವ ಕಡೆ ಆಟಿಕೆಯ ಕಪಾಟು ದೊಡ್ಡದಿರುತ್ತದೆ. ಆದರೆ ಇದೇ ಜನ, ಮಗು ತಮಗೆ ಬೇಕಾದ ಉತ್ತರ ಹೇಳಿದರೆ "ನೋಡಿ, ಮಕ್ಕಳ ಬಾಯಲ್ಲಿ ದೇವರು ಮಾತಾಡುತ್ತಾನೆ" ಎನ್ನುವುದನ್ನೂ ಕಂಡಿದ್ದೇನೆ. ಮಗುವಿನ ಮಾತಿಗೆ ಬೆಲೆ ಕಟ್ಟುವ ತಕ್ಕಡಿ ಅಲ್ಲಿ ನೆಟ್ಟಗಿಲ್ಲ.

ಎರಡನೆಯ ಅತಿ, ಮಗು ಹೇಳಿದ ಮೇಲೆ ಮುಗಿಯಿತು ಎಂಬುದು. ಇದು ನೋಡಲು ಬಹಳ ಉದಾರವಾಗಿ ಕಾಣುತ್ತದೆ. ನಾನು ಬಿದ್ದದ್ದು ಈ ಹಳ್ಳಕ್ಕೇ. ಹಿರಿಯರಾದವರು ಇಬ್ಬರಲ್ಲಿ ಒಬ್ಬರಿಗೆ ಅಪ್ರಿಯವಾದದ್ದನ್ನು ಹೇಳಬೇಕಾಗುತ್ತದೆ. ಹೇಳಿದರೆ ಒಂದು ಮನೆತನದ ಬಳಕೆ ಕೆಡುತ್ತದೆ. ಆ ಅಪ್ರಿಯತೆಯನ್ನು ತಾವು ಹೊರಲಾರದೆ ಮಗುವಿನ ಹೆಗಲಿಗೆ ದಾಟಿಸಿ, ಅದಕ್ಕೆ ಮಗುವಿನ ಇಚ್ಛೆಗೆ ಕೊಟ್ಟ ಗೌರವವೆಂದು ಹೆಸರಿಡುತ್ತಾರೆ. ಅಂದು ನಾವು ಐವರು ಹಿರಿಯರು ಹೇಳಲು ಅಂಜಿದ ಮಾತನ್ನು ಒಂಬತ್ತು ವರ್ಷದ ಹುಡುಗಿಯಿಂದ ಹೇಳಿಸಿದೆವು.

ಇಲ್ಲಿ ಶ್ರಾವಕಾಚಾರದ ಒಂದು ವಿಚಾರ ನನಗೆ ದಾರಿ ತೋರಿತು. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇವು ಸ್ವಲ್ಪ ಹೆಸರು ಬದಲಾಗಿ ಬರುತ್ತವೆ. ಇವುಗಳಲ್ಲಿ ಅತಿಭಾರಾರೋಪಣವೆಂದರೆ ಹೊರಲಾರದ ಹೊರೆಯನ್ನು ಹೇರುವುದು. ಎತ್ತಿನ ಗಾಡಿಗೆ ಮೂಟೆ ಹೇರುತ್ತಿದ್ದ ಕಾಲದಲ್ಲಿ ನಮ್ಮ ಅಜ್ಜಂದಿರು ಈ ಅತಿಚಾರವನ್ನು ಬಹಳ ಭಯಭಕ್ತಿಯಿಂದ ಪಾಲಿಸುತ್ತಿದ್ದರು. ಇನ್ನೊಂದು ಮೂಟೆ ಹಿಡಿಯುತ್ತದೆಂದು ಗಾಡಿಯವನು ಹೇಳಿದರೂ ಒಪ್ಪುತ್ತಿರಲಿಲ್ಲ. ಮೂಕಪ್ರಾಣಿಯ ಬೆನ್ನಿಗೆ ಇಷ್ಟು ಕರುಣೆ ತೋರಿದ ಪರಂಪರೆಯವರಾದ ನಾವು, ತಂದೆ ತಾಯಿಗಳಲ್ಲಿ ಒಬ್ಬರನ್ನು ಉಳಿಸಿಕೊಂಡು ಒಬ್ಬರನ್ನು ಬಿಡು ಎಂಬ ಹೊರೆಯನ್ನು ಮಗುವಿನ ಮನಸ್ಸಿನ ಮೇಲೆ ಹೇರುವಾಗ ತೂಕ ನೋಡುವುದಿಲ್ಲ. ಆ ಹೊರೆ ಒಂದು ದಿನದ್ದಲ್ಲ. ಮೂಟೆಯನ್ನು ಸಂತೆಯಲ್ಲಿ ಇಳಿಸಬಹುದು. ಇದನ್ನು ಆ ಹುಡುಗಿ ಇಪ್ಪತ್ತು ವರ್ಷ ಹೊತ್ತಿದ್ದಳು.

ಹಾಗೆಂದು ಮಗುವನ್ನು ಕೇಳದೆಯೇ ಇರುವುದು ಅಹಿಂಸೆಯೇ? ಅದೂ ಅಲ್ಲ. ಮನಸ್ಸಿನಲ್ಲಿರುವುದನ್ನು ಹೇಳಲು ಬಿಡದೆ ಒಂದು ಜೀವವನ್ನು ಒಂದು ಕಡೆ ಕೂಡಿಹಾಕುವುದು ಬಂಧದ ಸಮೀಪಕ್ಕೇ ಬರುತ್ತದೆ. ಆದುದರಿಂದ ಮಗುವಿಗೆ ಮಾತು ಇರಬೇಕು, ತೀರ್ಪಿನ ಹೊರೆ ಇರಬಾರದು. ಮಾತನ್ನು ಕೇಳಿಸಿಕೊಂಡು, ಅದನ್ನು ತೂಗಿ, ನಿರ್ಣಯಿಸಿ, ಆ ನಿರ್ಣಯದ ಕಹಿಯನ್ನು ಹೊರುವುದು ದೊಡ್ಡವರ ಕೆಲಸ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಇಷ್ಟೇ. ಉಳಿದದ್ದು ಇದರ ವಿವರಣೆ.

ತೂಗುವುದು ಹೇಗೆ? ಮಗು ಸೋಮವಾರ ಅಪ್ಪ ಬೇಕೆಂದಿತು, ಶನಿವಾರ ಅಮ್ಮ ಬೇಕೆಂದಿತು. ವಕೀಲರಿಗೆ ಇದು ವಿರೋಧಾಭಾಸವಾಗಿ ಕಾಣಬಹುದು. ಅನೇಕಾಂತವನ್ನು ಬಲ್ಲವರಿಗೆ ಹಾಗೆ ಕಾಣಬೇಕಾಗಿಲ್ಲ. ಯಾವ ಅಪೇಕ್ಷೆಯಿಂದ ಹೇಳಿತು, ಯಾರ ಎದುರು ಹೇಳಿತು, ಯಾವ ಹೊತ್ತಿನಲ್ಲಿ ಹೇಳಿತು ಎಂಬುದನ್ನು ಕೂಡಿಸಿ ನೋಡಿದರೆ ಎರಡೂ ಮಾತುಗಳು ನಿಜ. ಸೋಮವಾರ ಶಾಲೆಗೆ ಬಿಡುವವರು ಅಪ್ಪನಾಗಿರಬಹುದು. ಶನಿವಾರ ರಾತ್ರಿ ಜ್ವರ ಬಂದಿರಬಹುದು. ಮಗು ಹೇಳಿದ ಹೆಸರು ಉತ್ತರದ ಒಂದು ಅಂಶ ಮಾತ್ರ. ಅದರ ಹಿಂದೆ ಗೆಳತಿಯ ಮನೆ ಇದೆ, ಅಜ್ಜಿಯ ಮಂಚವಿದೆ, ತಮ್ಮನನ್ನು ಬಿಟ್ಟಿರಲಾರದ ಸಂಕಟವಿದೆ, ಒಬ್ಬಂಟಿಯಾಗಿ ಕಂಡವರ ಮೇಲಿನ ಕನಿಕರವಿದೆ. ಕೆಲವೊಮ್ಮೆ ಹೇಳಿಕೊಳ್ಳಲಾರದ ಭಯವೂ ಇದೆ.

ಸರ್ವೋಚ್ಚ ನ್ಯಾಯಾಲಯದ ಕೆಲವು ತೀರ್ಪುಗಳಲ್ಲಿ ಈ ತೂಗುವಿಕೆಯನ್ನು ಕಾಣಬಹುದು. ಮಕ್ಕಳು ತಂದೆ ತಾಯಿಗಳ ಸ್ವತ್ತೂ ಅಲ್ಲ, ಆಟದ ಬೊಂಬೆಗಳೂ ಅಲ್ಲವೆಂಬ ಭಾವವನ್ನು ಅದು 1973ರಲ್ಲಿಯೇ ಒಂದು ತೀರ್ಪಿನಲ್ಲಿ ವ್ಯಕ್ತಪಡಿಸಿತು. 2008ರಲ್ಲಿ ಮುಂದೆ ಬಂದ ಒಂದು ಮೊಕದ್ದಮೆಯಲ್ಲಿ ನ್ಯಾಯಮೂರ್ತಿಗಳು ಬಾಲಕನನ್ನು ತಮ್ಮ ಕೊಠಡಿಗೆ ಕರೆಸಿಕೊಂಡು ಮಾತನಾಡಿಸಿದರು. ಅವನು ತಂದೆಯ ಬಳಿ ಇರಲು ಬಯಸಿದ. ಆ ಇಚ್ಛೆಯನ್ನು ಅವನ ಶಾಲೆ, ಒಗ್ಗಿದ ಪರಿಸರ ಮುಂತಾದುವುಗಳೊಡನೆ ಕೂಡಿಸಿ ನೋಡಿ, ಅವನನ್ನು ತಂದೆಯ ಬಳಿಯೇ ಉಳಿಸಿದರು. ಅದೇ ವರ್ಷದ ಇನ್ನೊಂದು ಮೊಕದ್ದಮೆಯಲ್ಲಿ ತಾಯಿ ತೀರಿಹೋಗಿದ್ದಳು. ಆಕೆಯ ಸಾವಿನ ಸಂಬಂಧದಲ್ಲಿ ತಂದೆಯ ಮೇಲೆ ಕ್ರಿಮಿನಲ್ ಆರೋಪವಿತ್ತು. ಬಾಲಕ ತಾಯಿಯ ತಂದೆ ತಾಯಿಗಳ ಬಳಿ ಇದ್ದ. ತಂದೆಯ ಬಳಿಗೆ ಹೋಗಲಾರೆನೆಂದ ಅವನ ಮಾತಿಗೆ ಕೆಳಗಿನ ನ್ಯಾಯಾಲಯಗಳು ತಕ್ಕ ಬೆಲೆ ಕೊಡಲಿಲ್ಲವೆಂದು ಹೇಳಿ ಸರ್ವೋಚ್ಚ ನ್ಯಾಯಾಲಯ ಅವುಗಳ ಆದೇಶವನ್ನು ರದ್ದುಪಡಿಸಿತು.

ಇದಕ್ಕೆ ಬೇರೆಯೇ ಆದ ಮುಖ 2017ರ ಒಂದು ತೀರ್ಪಿನಲ್ಲಿದೆ. ಎರಡು ವರ್ಷ ತುಂಬುವ ಮೊದಲೇ ತಾಯಿಯಿಂದ ದೂರವಾಗಿ ತಂದೆಯ ಮನೆಯಲ್ಲಿ ಬೆಳೆದ ಎಂಟು ವರ್ಷದ ಬಾಲಕಿ ಅಲ್ಲಿಯೇ ಇರಲು ಬಯಸುವುದು ಸಹಜ. ಆದರೆ ತಾಯಿಯ ಜೊತೆ ಬಾಳಿದ ಅನುಭವವೇ ಇಲ್ಲದ ಮಗುವಿನ ಆಯ್ಕೆ ಪೂರ್ಣವಾಗಲಾರದೆಂದು ಕಂಡು, ಕೆಲವು ಕಾಲ ಆಕೆಯನ್ನು ತಾಯಿಯ ಬಳಿಗೆ ಕಳಿಸಲಾಯಿತು. ಒಬ್ಬರು ಇನ್ನೊಬ್ಬರ ವಿರುದ್ಧ ಮಗುವಿನ ಮನಸ್ಸನ್ನು ತಿರುಗಿಸುವ ಕೇಡಿನ ಬಗ್ಗೆಯೂ ಆ ತೀರ್ಪು ಚರ್ಚಿಸುತ್ತದೆ. ಒಂದು ಕಡೆ ಮಗುವಿನ ಮಾತಿಗೆ ಬೆಲೆ ಕೊಟ್ಟದ್ದು, ಇನ್ನೊಂದು ಕಡೆ ಆ ಮಾತಿನ ಆಚೆಗೂ ನೋಡಿದ್ದು. ಎರಡೂ ಕ್ಷೇಮವೆಂಬ ಒಂದೇ ಅಳತೆಯಿಂದ ಆದದ್ದು.

ಮನಸ್ಸನ್ನು ತಿರುಗಿಸುವ ಈ ವಿಷಯದಲ್ಲಿ ತಂದೆ ತಾಯಿಗಳು ತಮಗೆ ತಾವೇ ಮೋಸ ಮಾಡಿಕೊಳ್ಳುವುದುಂಟು. "ನಾನು ಮಗುವಿಗೆ ಏನೂ ಹೇಳಿಕೊಟ್ಟಿಲ್ಲ" ಎನ್ನುತ್ತಾರೆ. ಹೇಳಿಕೊಟ್ಟಿರಲಿಕ್ಕಿಲ್ಲ. ಆದರೆ ಮಗು ಫೋನಿನಲ್ಲಿ ಅಮ್ಮನ ಜೊತೆ ನಗುತ್ತ ಮಾತಾಡಿ ಬಂದಾಗ ಅಪ್ಪ ಊಟ ಬಿಟ್ಟು ಏಳುತ್ತಾರೆ. ಅಪ್ಪನ ಮನೆಯಿಂದ ಬಂದ ಹೊಸ ಅಂಗಿಯನ್ನು ಅಮ್ಮ ಮಾತಿಲ್ಲದೆ ಕಪಾಟಿನ ಅಡಿಗೆ ತುರುಕುತ್ತಾರೆ. ಮಗುವಿಗೆ ಅಷ್ಟು ಸಾಕು. ಕೃತ, ಕಾರಿತ, ಅನುಮೋದಿತ ಎಂದು ನಮ್ಮವರು ಕ್ರಿಯೆಯನ್ನು ಮೂರಾಗಿ ಬಿಡಿಸಿದ್ದು, ಮನಸ್ಸು, ಮಾತು, ಕಾಯಗಳೆಂದು ಯೋಗವನ್ನು ಮೂರಾಗಿ ಬಿಡಿಸಿದ್ದು ಇಂಥ ಸಂದರ್ಭಕ್ಕಾಗಿಯೇ ಎನ್ನಿಸುತ್ತದೆ. ಬಾಯಿಂದ ಆಡಲಿಲ್ಲವೆಂಬ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ. ಜನ್ನನ ಯಶೋಧರ ಚರಿತೆಯ ಅರಸು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದ ಫಲ ಅವನನ್ನು ಜನ್ಮಜನ್ಮಾಂತರಗಳಲ್ಲಿ ಹಿಂಬಾಲಿಸಿತು.

ಇನ್ನೊಂದು ಕಥೆಯನ್ನು ನಾವೆಲ್ಲರೂ ಬಲ್ಲೆವು. ಭರತ ಬಾಹುಬಲಿಯರು ಸೇನೆಸಮೇತ ಎದುರಾದಾಗ ಎರಡೂ ಕಡೆಯ ಮಂತ್ರಿಗಳು ವಿಚಾರ ಮಾಡಿದರು: ಜಗಳ ಅಣ್ಣತಮ್ಮಂದಿರದು, ಅದಕ್ಕಾಗಿ ಇಷ್ಟು ಜನ ಏಕೆ ಸಾಯಬೇಕು? ಇಬ್ಬರೂ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತಾವೇ ತೀರಿಸಿಕೊಳ್ಳಲಿ ಎಂದು ಒಪ್ಪಿಸಿದರು. ಜಿನಸೇನಾಚಾರ್ಯರೂ 941ರಲ್ಲಿ ಆದಿಪುರಾಣವನ್ನು ಬರೆದ ನಮ್ಮ ಪಂಪನೂ ಇದನ್ನು ಹೇಳಿದ್ದಾರೆ. ನಾವು ಈ ಕಥೆಯಲ್ಲಿ ಬಾಹುಬಲಿಯ ವೈರಾಗ್ಯವನ್ನು ಕೊಂಡಾಡುತ್ತೇವೆ. ಆ ಮಂತ್ರಿಗಳನ್ನು ನೆನೆಯುವುದಿಲ್ಲ. ಇಬ್ಬರು ದೊಡ್ಡವರ ಜಗಳದಿಂದ ಉಳಿದವರನ್ನು ಹೊರಗಿಡುವುದೇ ಮಧ್ಯಸ್ಥನ ಮೊದಲ ಕೆಲಸವೆಂದು ಅವರಿಗೆ ತಿಳಿದಿತ್ತು. ಮೂರು ಯುದ್ಧಗಳಲ್ಲೂ ಸೋತ ಭರತ ಒಪ್ಪಂದವನ್ನು ಮರೆತು ಚಕ್ರರತ್ನವನ್ನು ಪ್ರಯೋಗಿಸಿದ. ಅದು ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ನಿಂತಿತು. ಹಣದಲ್ಲಿ ಸೋತು, ಮಾತಿನಲ್ಲಿ ಸೋತು, ಮಾನದಲ್ಲಿ ಸೋತೆನೆಂದು ಭಾವಿಸಿದ ತಂದೆಯೋ ತಾಯಿಯೋ ಕಡೆಗೆ ಕೈಗೆತ್ತಿಕೊಳ್ಳುವ ಚಕ್ರ ಮಗು. ಆದರೆ ಮಗು ಚಕ್ರರತ್ನದಂತೆ ಗಾಯವಿಲ್ಲದೆ ಹಿಂತಿರುಗುವುದಿಲ್ಲ.

ಬಸದಿಗಳ ಆಡಳಿತ ನೋಡುವ ಧರ್ಮದರ್ಶಿಗಳು ಈ ಪತ್ರಿಕೆಯನ್ನು ಓದುತ್ತಾರೆ. ಕುಟುಂಬಗಳು ಮೊದಲು ಬರುವುದು ಅವರ ಬಳಿಗೇ. ಅವರಿಗೆ ಒಂದು ಹೋಲಿಕೆಯಿಂದ ಹೇಳಿದರೆ ನನ್ನ ಅಭಿಪ್ರಾಯ ಸುಲಭವಾಗಿ ತಿಳಿಯುತ್ತದೆ. ಬಸದಿಯ ಆಸ್ತಿ ನಮ್ಮ ಕೈಯಲ್ಲಿದೆ, ಆದರೆ ನಮ್ಮದಲ್ಲ, ಅದು ನ್ಯಾಸ. ನ್ಯಾಸವನ್ನು ತನ್ನದೆಂದು ಬಗೆಯುವ ನ್ಯಾಸಾಪಹಾರವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಮಗುವೂ ತಂದೆ ತಾಯಿಗಳ ಕೈಯಲ್ಲಿರುವ ನ್ಯಾಸವೇ. "ನನ್ನ ಮಗು" ಎನ್ನುವಾಗಿನ ಆ ಷಷ್ಠೀ ವಿಭಕ್ತಿ ಒಡೆತನದ್ದಲ್ಲ, ಹೊಣೆಯದು. ಅಂಗಡಿಯ ಪಾಲು ಕೇಳಿದಂತೆ ಮಗುವನ್ನು ಕೇಳುವವರಿಗೆ ಈ ಮಾತನ್ನು ಮೃದುವಾಗಿ, ಆದರೆ ಸ್ಪಷ್ಟವಾಗಿ ಹೇಳುವ ಅಧಿಕಾರ ಧರ್ಮದರ್ಶಿಗಳಿಗಿದೆ.

ಅನುಭವದಿಂದ ಕಲಿತ ಕೆಲವು ವ್ಯಾವಹಾರಿಕ ವಿಷಯಗಳನ್ನು ಇಲ್ಲಿ ನಿವೇದಿಸುತ್ತೇನೆ. ಮಗುವಿನ ಜೊತೆ ಮಾತನಾಡಲೇಬೇಕಾದರೆ ಒಬ್ಬರೇ ಮಾತನಾಡಲಿ; ಎರಡೂ ಪಕ್ಷಗಳಿಗೆ ಸೇರದವರು, ಮಗುವಿಗೆ ಪರಿಚಿತರಾದವರು, ಸಾಧ್ಯವಾದರೆ ಈ ಕೆಲಸದ ತರಬೇತಿಯುಳ್ಳ ಆಪ್ತಸಮಾಲೋಚಕರು. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯಲ್ಲಿ ಸಮಾಲೋಚಕರಿಗೆ ಸ್ಥಾನವಿದೆ. ಪಕ್ಷಗಾರರಲ್ಲಿ ಒಬ್ಬರು ಬಯಸಿದರೂ ವಿಚಾರಣೆಯನ್ನು ಗುಪ್ತವಾಗಿ ನಡೆಸಲು ಅವಕಾಶವಿದೆ. ಕಾನೂನು ಇಷ್ಟು ಮರ್ಯಾದೆ ಇಟ್ಟುಕೊಂಡಿರುವಾಗ ನಮ್ಮ ನಡುಮನೆಯ ಪಂಚಾಯಿತಿಗಳು ಸಂತೆಯಾಗಬಾರದು.

"ಯಾರು ಬೇಕು" ಎಂದು ಕೇಳುವ ಬದಲು ಮಗುವಿನ ದಿನಚರಿಯನ್ನು ಕೇಳಬೇಕು. ಬೆಳಿಗ್ಗೆ ಎಬ್ಬಿಸುವವರು ಯಾರು, ಜಡೆ ಹೆಣೆಯುವವರು ಯಾರು, ಲೆಕ್ಕ ತಪ್ಪಾದರೆ ಯಾರಿಗೆ ತೋರಿಸುತ್ತಿ, ರಾತ್ರಿ ಹೆದರಿಕೆಯಾದರೆ ಯಾರನ್ನು ಕರೆಯುತ್ತಿ, ಯಾವುದು ಬದಲಾಗದಿದ್ದರೆ ನಿನಗೆ ಸಮಾಧಾನ. ಈ ಉತ್ತರಗಳಲ್ಲಿ ಮಗುವಿನ ಇಚ್ಛೆ ತಾನಾಗಿ ಕಾಣುತ್ತದೆ. ಯಾರನ್ನೂ ಬಿಟ್ಟೆನೆಂಬ ಭಾರ ಅದಕ್ಕೆ ಬೀಳುವುದಿಲ್ಲ. "ತೀರ್ಮಾನ ಮಾಡುವವರು ದೊಡ್ಡವರು, ನೀನಲ್ಲ, ಏನಾದರೂ ತಪ್ಪಾದರೆ ಅದು ನಮ್ಮ ತಪ್ಪು" ಎಂದು ಮಗುವಿಗೆ ಬಾಯಿಬಿಟ್ಟು ಹೇಳಬೇಕು. ಅದು ಸುಮ್ಮನಿದ್ದರೆ ಆ ಮೌನವನ್ನೂ ಉತ್ತರವೆಂದು ಸ್ವೀಕರಿಸಬೇಕು. ಹದಿನಾಲ್ಕು ಹದಿನೈದು ವರ್ಷದ ಮಕ್ಕಳು ಕಾರಣಸಹಿತ ಸ್ಥಿರವಾಗಿ ಒಂದು ಮಾತು ಹೇಳಿದರೆ ಅದಕ್ಕೆ ಹೆಚ್ಚಿನ ತೂಕ ಸಲ್ಲಬೇಕು. ಆಗಲೂ ನಿರ್ಣಯಕ್ಕೆ ದೊಡ್ಡವರೇ ಸಹಿ ಹಾಕಬೇಕು. ವರ್ಷ ಕಳೆದಂತೆ ಮಗುವಿನ ಅಗತ್ಯ ಬದಲಾಗುತ್ತದೆ. ಆದುದರಿಂದ ಒಮ್ಮೆ ಕೇಳಿ ಮುಗಿಸದೆ ಮತ್ತೆ ಕೇಳುತ್ತಿರಬೇಕು.

ಒಂದು ಎಚ್ಚರಿಕೆ. ಮಗು ಭಯದ ಮಾತಾಡಿದರೆ, ಹೊಡೆತದ ಅಥವಾ ಅದಕ್ಕಿಂತ ಕೆಟ್ಟದ್ದರ ಸೂಚನೆ ಕೊಟ್ಟರೆ, ಅದು ಹಿರಿಯರು ರಾಜಿ ಮಾಡಿಸುವ ವಿಷಯವಲ್ಲ. ಮನೆತನದ ಮರ್ಯಾದೆಯೆಂದು ಅದನ್ನು ಜಮಖಾನದ ಕೆಳಗೆ ಸರಿಸಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ, ಪೊಲೀಸರಿಗೆ, ನ್ಯಾಯಾಲಯಕ್ಕೆ ತಿಳಿಸಬೇಕಾದ ವಿಷಯ ಅದು. ಅಲ್ಲಿ ಸಮಭಾವವೆಂಬ ಹೆಸರಿನಲ್ಲಿ ಸುಮ್ಮನಿರುವುದು ಅನುಮೋದನೆಯಾಗುತ್ತದೆ.

ಬೇರ್ಪಡುವುದೇ ಬೇಡ, ಮಗುವಿಗಾಗಿ ಹೇಗಾದರೂ ಕೂಡಿರಲಿ ಎನ್ನುವ ಹಿರಿಯರೂ ಇದ್ದಾರೆ. ಕೂಡಿ ಬಾಳಲು ಸಾಧ್ಯವಾದರೆ ಅದಕ್ಕಿಂತ ಸಂತೋಷವಿಲ್ಲ. ಆದರೆ ಒಡೆದ ಪಾತ್ರೆಗೆ ಮಗುವನ್ನು ಅಂಟಾಗಿ ಬಳಸುವುದೂ ಅದರ ಮೇಲೆ ಹೊರೆ ಹೇರುವುದೇ. "ನಿನಗಾಗಿಯೇ ಇದನ್ನೆಲ್ಲ ಸಹಿಸಿದೆ" ಎಂಬ ಮಾತನ್ನು ಕೇಳುತ್ತ ಬೆಳೆದವರನ್ನು ವಿಚಾರಿಸಿದರೆ ಆ ಹೊರೆಯ ತೂಕ ತಿಳಿಯುತ್ತದೆ.

ಸಮಾಜವಾಗಿ ನಾವು ಮಾಡಬಹುದಾದದ್ದೂ ಉಂಟು. ಭಾರತದ ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ತಂದೆ ತಾಯಿಗಳಿಬ್ಬರೂ ಕೂಡಿ ಹೊಣೆ ಹೊರುವ ಜಂಟಿ ಸುಪರ್ದಿಗೆ ಅವಕಾಶವಿರಬೇಕೆಂದು ಶಿಫಾರಸು ಮಾಡಿತು. ಮಗು ಯಾರ ಮನೆಯಲ್ಲಿ ಮಲಗಿದರೂ ಇಬ್ಬರ ಮಗುವಾಗಿಯೇ ಉಳಿಯಬಹುದೆಂಬ ಭಾವ ಅದರ ಹಿಂದಿದೆ. ಆದರೆ ಎಷ್ಟೋ ಬಾರಿ ನಮ್ಮ ಬಸದಿಯ ಅಂಗಳದಲ್ಲಿಯೇ ಮಗು ಮತ್ತೆ ಮತ್ತೆ ಆರಿಸಬೇಕಾಗುತ್ತದೆ. ದಶಲಕ್ಷಣ ಪರ್ವದ ಪೂಜೆಗೆ ಯಾರ ಪಕ್ಕದಲ್ಲಿ ಕೂರಬೇಕು, ಪಾಠಶಾಲೆಯ ಕಾರ್ಯಕ್ರಮಕ್ಕೆ ಯಾರನ್ನು ಕರೆಯಬೇಕು, ಪ್ರಸಾದ ಹಿಡಿದು ಯಾರ ಕಡೆಗೆ ಓಡಬೇಕು. ಸುತ್ತಲಿನ ಕಣ್ಣುಗಳೆಲ್ಲ ಅದನ್ನೇ ನೋಡುತ್ತಿರುತ್ತವೆ. ಆಮಂತ್ರಣ ಇಬ್ಬರಿಗೂ ಹೋಗಲಿ. ಬಂದವರಿಬ್ಬರನ್ನೂ ಸಹಜವಾಗಿ ಮಾತನಾಡಿಸಲಿ. ಮಗು ಎಲ್ಲಿ ಕುಳಿತರೂ ಯಾರೂ ತಿರುಗಿ ನೋಡದಿರಲಿ. ಜೀವಗಳು ಪರಸ್ಪರ ಉಪಕಾರಕ್ಕಾಗಿ ಇವೆ ಎಂಬ ತತ್ತ್ವವನ್ನು ನಮ್ಮ ಲಾಂಛನದಲ್ಲಿ ಬರೆದುಕೊಂಡಿದ್ದೇವೆ. ಇದಕ್ಕೆ ಖರ್ಚಿಲ್ಲ, ಠರಾವು ಬೇಕಿಲ್ಲ.

ಕ್ಷಮಾವಣಿಯ ದಿನ ನಾವು ಎಲ್ಲರಲ್ಲಿಯೂ ಕ್ಷಮೆ ಬೇಡುತ್ತೇವೆ. ವ್ಯಾಪಾರದ ಪಾಲುದಾರರಲ್ಲಿ, ಬಂಧುಗಳಲ್ಲಿ, ಹೆಸರು ಮರೆತವರಲ್ಲಿ ಸಹ ಬೇಡುತ್ತೇವೆ. ಮಕ್ಕಳಲ್ಲಿ ಬೇಡುವುದು ಕಡಿಮೆ. ಅವರು ನಮ್ಮ ಕಾಲಿಗೆ ನಮಸ್ಕರಿಸಿದರೆ ಅಲ್ಲಿಗೆ ಮುಗಿಯುತ್ತದೆ. ಆ ಮದುವೆಯಾದ ವರ್ಷ ಕ್ಷಮಾವಣಿಯಂದು ನಾನು ಆಕೆಗೆ ಫೋನ್ ಮಾಡಿದೆ. ಅಂದು ಆ ಪ್ರಶ್ನೆಯನ್ನು ನಿನಗೆ ಹಾಗೆ ಕೇಳಿದ್ದು ತಪ್ಪಾಯಿತು, ತೀರ್ಮಾನ ನಮ್ಮದಾಗಬೇಕಿತ್ತು ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇದನ್ನು ಅಮ್ಮನಿಗೂ ಒಂದು ಸಲ ಹೇಳುತ್ತೀರಾ?" ಎಂದು ಕೇಳಿದಳು.

ಮರುದಿನ ಹೋಗಿ ಹೇಳಿ ಬಂದೆ.